ಬೈಸಿಕೊಳ್ಳುವ ಯೋಗ

ನಮ್ಮ ಬೀಜಾಡಿಯಲ್ಲಿ ಮನೆಗೆ ಬಂದವರು ನೆಂಟರೋ ಮನೆಯವರೋ ಎಂದು ತಿಳಿಯಲು ಒಳಗೆ ಇಣುಕಬೇಕಾಗಿಲ್ಲ. ಹಿತ್ತಲಲ್ಲಿ ನಿಂತು ಕಿವಿಗೊಟ್ಟರೆ ಸಾಕು. ‘ಬನಿ, ಕೂಕಣಿ, ಆಸ್ರಿಗ್ ಎಂತ ಕುಡಿತ್ರಿ?’ ಎಂದು ಕೇಳಿಸಿದರೆ ನೆಂಟರು. ‘ಉಂಬುಕ್ ಬಪ್ಪು ಹೊತ್ತಾ ಇದ್? ಬಂಗ್ಡಿ ಸಾರ್ ಎಷ್ಟ್ ಸರ್ತಿ ಬಿಸಿ ಮಾಡುದ್?’ ಎಂದು ಕೇಳಿಸಿದರೆ ಮನೆಯವರು. ನೆಂಟರಿಗೆ ಕುರ್ಚಿ, ಮನೆಯವರಿಗೆ ಬೈಗುಳ. ಕುರ್ಚಿಯನ್ನು ಯಾರಿಗೆ ಬೇಕಾದರೂ ಕೊಡಬಹುದು, ಇನ್ಶೂರೆನ್ಸ್ ಏಜೆಂಟರಿಗೂ ಕೊಡುತ್ತೇವೆ. ಬೈಗುಳಕ್ಕೆ ಮಾತ್ರ ಋಣ ಬೇಕು.

ಓದಲೆಂದು ಜರ್ಮನಿಯ ಟ್ಯೂಬಿಂಗನ್ ಊರಿಗೆ ಹೊರಟಾಗ ಅಲ್ಲೊಂದು ಸಂಸಾರದ ಜೊತೆ ನಾನು ಉಳಿಯುವುದೆಂದು ಏರ್ಪಾಡಾಯಿತು. ‘ನಿಮ್ಮನ್ನು ಮನೆಯ ಸದಸ್ಯನಂತೆ ನೋಡಿಕೊಳ್ಳಲಾಗುವುದು’ ಎಂದು ಅವರು ಪತ್ರ ಬರೆದಿದ್ದರು. ಅದನ್ನು ಓದಿಸಿ ಕೇಳಿದ ನಮ್ಮಮ್ಮ, ಅಂದರೆ ಅಬ್ಬಿ, ‘ಹಂಗಾರೆ ಬೈತ್ರ್, ತೊಂದ್ರಿ ಇಲ್ಲೆ’ ಎಂದು ನೆಮ್ಮದಿಯಿಂದ ಉಪ್ಪಿನಕಾಯಿ ಕಟ್ಟತೊಡಗಿದಳು.

ಆದರೆ ಆ ಮನೆಯೊಡತಿ ಬೈಯುವವರಲ್ಲ, ಬರೆಯುವವರು. ಫ್ರಿಜ್ಜಿನ ಬಾಗಿಲ ಮೇಲೆ ದಿನಕ್ಕೊಂದು ಚೀಟಿ. ಗಾಜಿನ ಬಾಟಲಿಗಳಲ್ಲಿ ಬಿಳಿ, ಹಸುರು, ಕಂದು ಬಣ್ಣದವು ಬೇರೆ ಬೇರೆ ತೊಟ್ಟಿಗೆ. ಭಾನುವಾರ ಹಾಕುವಂತಿಲ್ಲ, ಸದ್ದಾಗುತ್ತದೆ. ಪ್ಲಾಸ್ಟಿಕ್ ಬಾಟಲಿ ಎಸೆಯುವಂತಿಲ್ಲ, ಅಂಗಡಿಗೆ ಮರಳಿಸಿದರೆ 25 ಸೆಂಟ್ ವಾಪಸ್. ಹೊರಗೆ ಹಿಮ ಬೀಳುತ್ತಿದ್ದರೂ ಬೆಳಿಗ್ಗೆ ಕಿಟಕಿ ಪೂರಾ ತೆರೆದು ಗಾಳಿ ಆಡಿಸಬೇಕು. ಪ್ರತಿ ಚೀಟಿಯ ಕೊನೆಗೆ ‘ಧನ್ಯವಾದ’, ಪಕ್ಕದಲ್ಲಿ ನಗುವ ಒಂದು ಮುಖದ ಚಿತ್ರ. ಕೆಲಸ ಮಾಡಿ ಮುಗಿಸಿದವರಿಗೇ ಧನ್ಯವಾದ ಹೇಳುವ ರೂಢಿಯಿಲ್ಲದ ಮನೆಯಿಂದ ಬಂದವನಿಗೆ, ಮಾಡುವ ಮೊದಲೇ ಹೇಳಿಬಿಟ್ಟರೆ ಗಾಬರಿಯಾಗುತ್ತದೆ.

ತಡವಾಗಿ ಬಂದರಾದರೂ ಬೈದಾರೆಂದರೆ ಅದಕ್ಕೂ ದಾರಿಯಿರಲಿಲ್ಲ. ಅವರ ರಾತ್ರಿಯೂಟ ಸಂಜೆ ಆರಕ್ಕೆ. ಬ್ರೆಡ್ಡು, ಚೀಸು, ಸೌತೆಕಾಯಿ. ಒಲೆ ಹಚ್ಚುವ ಮಾತೇ ಇಲ್ಲ. ತಣ್ಣಗಿನ ಬ್ರೆಡ್ಡು ಇನ್ನೆಷ್ಟು ತಣಿದೀತು? ಬೀಜಾಡಿಯ ಅರ್ಧಕ್ಕರ್ಧ ಬೈಗುಳಗಳಿಗೆ ಮೂಲವಾದ ‘ತಣಿದ ಸಾರು’ ಎಂಬ ಪದಾರ್ಥವೇ ಆ ಊಟದಲ್ಲಿ ಇರಲಿಲ್ಲ.

ಭಾನುವಾರ ಅಬ್ಬಿಗೆ ಫೋನು. ಬೇಸಿಗೆಯಲ್ಲಿ ಮೂರೂವರೆ ಗಂಟೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ನಾವು ಮುಂದೆ. ಅವಳ ಪ್ರಶ್ನೆ ಮಾತ್ರ ನಿಂತಲ್ಲೇ. ‘ಬೈದ್ರಾ?’

‘ಇಲ್ಲೆ.’

‘ಇನ್ನೂ ನೆಂಟನೇನಾ ನೀನ್?’

ನಡುವೆ ಒಮ್ಮೆ ಆಸೆ ಚಿಗುರಿತು. ಟ್ಯೂಬಿಂಗನ್ ಇರುವ ಸ್ವಾಬಿಯಾ ಸೀಮೆಯಲ್ಲಿ ‘ಕೆರ್‌ವೋಖೆ’ ಎಂಬ ಪದ್ಧತಿಯಿದೆ. ಕಟ್ಟಡದಲ್ಲಿರುವ ಮನೆಗಳವರು ವಾರಕ್ಕೊಬ್ಬರಂತೆ ಮೆಟ್ಟಿಲನ್ನೂ ಎದುರಿನ ಹಾದಿಯನ್ನೂ ಗುಡಿಸಬೇಕು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಫಲಕ ನೇತುಬೀಳುತ್ತದೆ. ಇದರ ಬೇರು ಗಡ್ಡದ ದೊರೆ ಎಬರ್‌ಹಾರ್ಡನ ಕಾಲದ 1492ರ ಸ್ಟುಟ್‌ಗಾರ್ಟ್ ಕಾನೂನಿನಲ್ಲಿದೆ ಎನ್ನುತ್ತಾರೆ. 1477ರಲ್ಲಿ ನಮ್ಮ ವಿಶ್ವವಿದ್ಯಾಲಯವನ್ನು ಸ್ಥಾಪಿಸಿದವನೂ ಅವನೇ. ಹೀಗೆ ಒಬ್ಬನೇ ದೊರೆಯ ಪುಣ್ಯದಿಂದ ನನಗೆ ಪುಸ್ತಕವೂ ಸಿಕ್ಕಿತು, ಹಿಡಿಸೂಡಿಯೂ ಸಿಕ್ಕಿತು. ಮನೆಯವನಾದೆನೆಂದು ಹಿಗ್ಗಿ ಅಬ್ಬಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ‘ಗುಡ್ಸುಕ್ ಆಳಿಗೂ ಹೇಳ್ತ್ರ್. ಸಮಾ ಗುಡ್ಸ್ಲಿಲ್ಲ ಅಂದ್ಹೇಳಿ ಬೈದ್ರಾ?’ ಬೈದಿರಲಿಲ್ಲ. ನಗುವ ಮುಖದ ಚೀಟಿ ಬಂದಿತ್ತು.

ಬೇಸರವಾದಾಗ ನಾನು ಜರ್ಮನಿಯಿಂದ ನಮ್ಮ ಕಡೆ ಬಂದಿದ್ದ ಕಿಟ್ಟೆಲ್ ಅವರನ್ನು ನೆನೆಯುತ್ತಿದ್ದೆ. 1894ರಲ್ಲಿ ಮಂಗಳೂರಿನಲ್ಲಿ ಅವರ ಕನ್ನಡ ನಿಘಂಟು ಅಚ್ಚಾಯಿತು, 1896ರಲ್ಲಿ ಇದೇ ಟ್ಯೂಬಿಂಗನ್ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು, 1903ರಲ್ಲಿ ಅವರು ತೀರಿಕೊಂಡದ್ದೂ ಈ ಊರಿನಲ್ಲೇ. ಧಾರವಾಡ, ಮಂಗಳೂರು, ಮಡಿಕೇರಿ ಎಂದು ತಿರುಗಿ ಅಷ್ಟೊಂದು ಶಬ್ದ ಕೂಡಿಸಬೇಕಾದರೆ ಅವರು ನಮ್ಮ ಕಡೆಯ ಅಜ್ಜಿಯರಿಂದ ಹೊಟ್ಟೆ ತುಂಬ ಬೈಸಿಕೊಂಡೇ ಇರಬೇಕು. ಬರೀ ‘ಬನಿ, ಕೂಕಣಿ’ಯಿಂದ ನಿಘಂಟು ಅಷ್ಟು ದಪ್ಪಗಾಗುವುದಿಲ್ಲ. ನಮ್ಮವರು ಅವರಿಗೆ ಕೊಟ್ಟದ್ದನ್ನು ಅವರೂರಿನವರು ನನಗೆ ಕೊಡುತ್ತಿಲ್ಲವಲ್ಲ ಎಂಬುದೇ ನನ್ನ ಅಳಲು.

ನಮ್ಮೂರ ಬಳಿಯ ಕೋಟೇಶ್ವರದಲ್ಲಿ ಕೊಡಿ ಹಬ್ಬದ ತೇರು ಎಳೆದ ದಿನವೇ ನನಗೆ ಆ ಯೋಗ ಕೂಡಿಬಂತು. ಸ್ಟುಟ್‌ಗಾರ್ಟಿನಿಂದ ವಾಪಸ್ ಬರುವಾಗ ಹಿಮ ಸುರಿದು ರೈಲು ನಡುದಾರಿಯಲ್ಲಿ ನಿಂತಿತು, ಮೊಬೈಲಿನ ಬ್ಯಾಟರಿಯೂ ಸತ್ತಿತು. ಮನೆ ಮುಟ್ಟುವಾಗ ರಾತ್ರಿ ಹನ್ನೊಂದು. ಮನೆಯೊಡತಿ ರಾತ್ರಿಯುಡುಪಿನ ಮೇಲೆ ಕೋಟು ಹೊದ್ದು ಬಾಗಿಲಲ್ಲೇ ನಿಂತಿದ್ದರು. ಶುರುವಾಯಿತು ನೋಡಿ! ಅದು ತರಗತಿಯ ಜರ್ಮನ್ ಅಲ್ಲ, ಅಪ್ಪಟ ಸ್ವಾಬಿಯಾದ ಆಡುಮಾತು. ನಾನು ಕಲಿತ ವ್ಯಾಕರಣ ಒಂದೂ ಕೆಲಸಕ್ಕೆ ಬರಲಿಲ್ಲ. ಬೀಜಾಡಿಯ ಅನುಭವ ಪೂರಾ ಬಂತು. ಎಲ್ಲಿ ದನಿ ಏರುತ್ತದೆ, ಎಲ್ಲಿ ಗಂಡನನ್ನು ಸಾಕ್ಷಿಗೆ ಕರೆಯುತ್ತಾರೆ, ಎಲ್ಲಿ ಕಣ್ಣೊರೆಸಿಕೊಂಡು ಎರಡನೆಯ ಸುತ್ತಿಗೆ ಇಳಿಯುತ್ತಾರೆ, ಎಲ್ಲವೂ ನನಗೆ ಬಾಯಿಪಾಠ. ಗಂಡನೂ ನಮ್ಮ ಅಪ್ಪಯ್ಯನ ಹಾಗೆಯೇ ಪೇಪರಿನ ಹಿಂದೆ ತಲೆ ಮರೆಸಿಕೊಂಡು ‘ಹೂಂ’ ಎನ್ನುತ್ತಿದ್ದರು. ನನಗೋ ಖುಷಿ ತಡೆಯಲಾಗದೆ ಮುಖ ಅರಳಿತು. ಅದನ್ನು ಕಂಡು ಮೂರನೆಯ ಸುತ್ತು ಸಿಕ್ಕಿತು. ಆಮೇಲೆ ಒಳಗೆ ಹೋಗಿ ಒಲೆ ಹಚ್ಚಿ, ಮೌಲ್‌ಟಾಶೆನ್ ಎಂಬ ಕಡುಬು ಹಾಕಿದ ಬಿಸಿ ಸೂಪನ್ನು ಎದುರಿಗೆ ಕುಕ್ಕಿದರು. ಕುಕ್ಕುವ ಸದ್ದೂ ನಮ್ಮ ಮನೆಯದೇ.

ಭಾನುವಾರ ಸುದ್ದಿ ಕೇಳಿದ ಅಬ್ಬಿಗೆ ಸಂಭ್ರಮ. ಅಂಥವರ ಮುಖ ನೋಡಲೇಬೇಕೆಂದು ಹಟ ಹಿಡಿದಳು. ವೀಡಿಯೊದಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ನಾನು ದುಭಾಷಿಯಾದೆ. ‘ಉಂಡ್ರ್ಯಾ?’ ಮುಗಿದು ಎರಡು ನಿಮಿಷ ಆಗಿರಲಿಲ್ಲ, ಮಾತು ನನ್ನ ಮೇಲೆ ತಿರುಗಿತು. ಒದ್ದೆ ತಲೆಯಲ್ಲಿ ಹೊರಗೆ ಹೋಗುತ್ತಾನೆ ಎಂದು ಇವರು. ‘ಸಣ್ಣಕ್ಕಿಪ್ಪೊತ್ತಿಗೂ ಹಂಗೇ ಇಂವ’ ಎಂದು ಅವಳು. ನನ್ನ ಮೇಲಿನ ದೂರನ್ನು ನಾನೇ ಆಚೀಚೆ ಹೊರುವ ಕೆಲಸ. ಎಲ್ಲ ಹಮಾಲರೂ ಮಾಡುವಂತೆ ದಾರಿಯಲ್ಲಿ ಭಾರ ಸ್ವಲ್ಪ ಇಳಿಸಿದೆ.

ಅಬ್ಬಿಗೆ ಕೂಡಲೇ ಗುಮಾನಿ. ‘ಅವ್ರ್ ಅಷ್ಟುದ್ದ ಹೇಳ್ರ್, ನೀನ್ ಇಷ್ಟೇ ಹೇಳ್ತ್ಯಲಾ? ಪೂರ್ತಿ ಹೇಳ್!’

ಅದೇನೆಂದು ಮನೆಯೊಡತಿ ನನ್ನ ಮುಖ ನೋಡಿದರು. ನಾನು ಏನೂ ಇಲ್ಲವೆಂದೆ. ಅವರು ಅಬ್ಬಿಯ ಮುಖ ನೋಡಿದರು. ಅಬ್ಬಿ ಅವರತ್ತ ತಲೆಯಾಡಿಸಿದಳು. ಮರುದಿನ ಫ್ರಿಜ್ಜಿನ ಮೇಲೆ ಚೀಟಿ: ‘ಮುಂದಿನ ಭಾನುವಾರದಿಂದ ಎಲ್ಲವನ್ನೂ ಪೂರ್ತಿ ಅನುವಾದಿಸತಕ್ಕದ್ದು.’ ಧನ್ಯವಾದವೂ ಇರಲಿಲ್ಲ, ನಗುವ ಮುಖವೂ ಇರಲಿಲ್ಲ.