ಹಂಪಾಪುರದ ಅಫಿಡವಿಟ್ ಅಣ್ಣ

ಮೈಸೂರಿನಿಂದ ಎಚ್.ಡಿ. ಕೋಟೆಗೆ ಹೋಗುವ ಬಸ್ಸು ಹಂಪಾಪುರದಲ್ಲಿ ನಿಂತಾಗ, ಟೀ ಅಂಗಡಿಯ ಬೆಂಚಿನಲ್ಲಿ ಯಾರಾದರೂ ಚುನಾವಣೆ ಕರಪತ್ರದ ಕೆಳ ಅಂಚನ್ನು ಮೂಗಿಗೆ ತಾಗಿಸಿಕೊಂಡು ನೋಡುತ್ತಿದ್ದರೆ ಅವರೇ ಅಫಿಡವಿಟ್ ಅಣ್ಣ. ಮೇಲಿರುವ ದಪ್ಪಕ್ಷರದ ಬೈಗುಳ ಅವರಿಗೆ ಬೇಡ. "ಪ್ರಿಂಟ್ ಮಾಡಿದೋನ ಹೆಸರೆಲ್ಲಪ್ಪ? ಇಲ್ವಾ? ಹಂಗಾದ್ರೆ ಬೋಂಡ ಕಟ್ಟಕ್ಕೆ ಇಟ್ಕೊ" ಎಂದು ಅಂಗಡಿಯವನ ಕೈಗೆ ಕೊಡುತ್ತಾರೆ. ಮುದ್ರಕ, ಪ್ರಕಾಶಕರ ಹೆಸರು ವಿಳಾಸವಿಲ್ಲದೆ ಚುನಾವಣೆ ಕರಪತ್ರ ಮುದ್ರಿಸುವುದು 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 127ಎ ಸೆಕ್ಷನ್ ಪ್ರಕಾರ ಅಪರಾಧ. ಈ ಸೆಕ್ಷನ್ನನ್ನು ಅವರು ಮನೆದೇವರ ಹೆಸರಿನಷ್ಟೇ ಸಲೀಸಾಗಿ ಹೇಳುತ್ತಾರೆ.

ಅಫಿಡವಿಟ್ ಅಣ್ಣ ಎಂಬ ಹೆಸರು ಹೆತ್ತವರು ಇಟ್ಟದ್ದಲ್ಲ, ಊರು ಇಟ್ಟದ್ದು. ಇದೇ ತಳಿಯವರು ಹುಣಸೂರಿನಲ್ಲೂ ಇದ್ದಾರೆ, ಪಿರಿಯಾಪಟ್ಟಣದಲ್ಲೂ ಇದ್ದಾರೆ. ಆದರೆ ಹಂಪಾಪುರದವರ ಕಷ್ಟ ಸ್ವಲ್ಪ ಹೆಚ್ಚು.

ಏಕೆಂದರೆ ಅಕ್ಕಪಕ್ಕದ ನಾಲ್ಕು ತಾಲ್ಲೂಕು ಲೋಕಸಭೆಗೆ ಬಂದರೆ ಮೂರು ದಿಕ್ಕು. ಹುಣಸೂರು, ಪಿರಿಯಾಪಟ್ಟಣ ಮೈಸೂರು–ಕೊಡಗಿಗೆ, ಕೆ.ಆರ್. ನಗರ ಮಂಡ್ಯಕ್ಕೆ; ಎಚ್.ಡಿ. ಕೋಟೆ ಚಾಮರಾಜನಗರಕ್ಕೆ. ಬೀಗತನ ಮಾತ್ರ ಕ್ಷೇತ್ರ ವಿಂಗಡಣೆ ನೋಡಿ ನಡೆಯುವುದಿಲ್ಲ. ಅಕ್ಕನನ್ನು ಕೆ.ಆರ್. ನಗರಕ್ಕೆ, ಮಗಳನ್ನು ಪಿರಿಯಾಪಟ್ಟಣಕ್ಕೆ ಕೊಟ್ಟವರ ವಾಟ್ಸಾಪಿಗೆ ಮೂರು ಕ್ಷೇತ್ರದ ಕೆಸರೂ ಬೆಳಿಗ್ಗೆ ಹಾಲಿಗಿಂತ ಮೊದಲೇ ಬಂದು ಬೀಳುತ್ತದೆ.

2019ರ ಲೋಕಸಭೆ ಚುನಾವಣೆಯಲ್ಲಿ ಟೀ ಅಂಗಡಿಯ ತುಂಬ ಮಂಡ್ಯದ ಪ್ರಚಾರದ ಮಾತೇ. ಜೋಡೆತ್ತು, ಕಳ್ಳೆತ್ತು, ನಿಖಿಲ್ ಎಲ್ಲಿದ್ದೀಯಪ್ಪಾ! ಸುಮಲತಾ ಅಂಬರೀಶ್ ಎದುರು ಅದೇ ಹೆಸರಿನ ಇನ್ನೂ ಮೂವರು ನಿಂತಿದ್ದರಿಂದ ಚರ್ಚೆಗೆ ನಾಲ್ಕು ಪಟ್ಟು ಸರಕು. ಒಬ್ಬ ಹುಡುಗ ಮೇಜು ಗುದ್ದಿ ಶಪಥ ಮಾಡುವಾಗ ಅಣ್ಣ ಮೆಲ್ಲಗೆ ಕೇಳಿದರು: "ಅದೆಲ್ಲ ಮಂಡ್ಯದ್ದು ಕಣ್ಲಾ. ನಿನ್ನ ಓಟು ಚಾಮ್ರಾಜ್‌ನಗರಕ್ಕೆ. ನಮ್ಮಲ್ಲಿ ನಿಂತಿರೋರ ಹೆಸ್ರು ಹೇಳು ನೋಡಾನ." ಹುಡುಗ ಎರಡು ಹೆಸರು ಹೇಳಿ ಮೂರನೆಯದಕ್ಕೆ ಬನ್ ಬಾಯಿಗಿಟ್ಟುಕೊಂಡ. ಸುಮಲತಾ 1,25,876 ಮತಗಳಿಂದ ಗೆದ್ದರು. ಹಂಪಾಪುರದವರೂ ಓಟು ಹಾಕಿದ ಚಾಮರಾಜನಗರದಲ್ಲಿ ವಿ. ಶ್ರೀನಿವಾಸ ಪ್ರಸಾದ್ ಅವರು ಆರ್. ಧ್ರುವನಾರಾಯಣ ಅವರನ್ನು ಸೋಲಿಸಿದ್ದು ಬರೀ 1,817 ಮತಗಳಿಂದ. ಇದೇ ಧ್ರುವನಾರಾಯಣ 2004ರಲ್ಲಿ ಸಂತೇಮರಹಳ್ಳಿ ವಿಧಾನಸಭಾ ಕ್ಷೇತ್ರದಲ್ಲಿ ಗೆದ್ದದ್ದು ಒಂದೇ ಒಂದು ಮತದಿಂದ. "ನನ್ನೊಂದು ಓಟಿಂದ ಏನಾಯ್ತದೆ" ಅಂದವರಿಗೆಲ್ಲ ಅಣ್ಣ ಈ ಕಥೆಯನ್ನು ಪೂರ್ತಿ ಹೇಳುತ್ತಾರೆ. ಬಸ್ಸು ತಪ್ಪಿದರೂ ಬಿಡುವುದಿಲ್ಲ.

ಕಮಿಷನ್ ಪರ್ಸೆಂಟಿನ ಲೆಕ್ಕವೂ ಅವರಿಗೆ ಬಾಯಿಪಾಠ. 2018ರ ಫೆಬ್ರುವರಿಯಲ್ಲಿ ಪ್ರಧಾನಿ ಮೋದಿ ಬೆಂಗಳೂರಿಗೆ ಬಂದು ರಾಜ್ಯದ್ದು 10 ಪರ್ಸೆಂಟ್ ಸರ್ಕಾರ ಎಂದರು. 2022ರ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್‌ನವರು 40 ಪರ್ಸೆಂಟ್ ಎಂದು ಪೇಸಿಎಂ ಪೋಸ್ಟರ್ ಅಂಟಿಸಿದರು. 2023ರ ಮೇ ತಿಂಗಳಲ್ಲಿ ಪತ್ರಿಕೆಗಳಲ್ಲಿ ಭ್ರಷ್ಟಾಚಾರದ ದರಪಟ್ಟಿಯೇ ಜಾಹೀರಾತಾಗಿ ಬಂತು. ಚುನಾವಣಾ ಆಯೋಗ ಕೆಪಿಸಿಸಿ ಅಧ್ಯಕ್ಷರಿಗೆ ನೋಟಿಸ್ ಕೊಟ್ಟು ಸಾಕ್ಷ್ಯ ಕೇಳಿತು. ಅದೇ ವಾರ 'ವಿಷಕನ್ಯೆ' ಅಂದ ಬಿಜೆಪಿಯ ಯತ್ನಾಳರಿಗೆ ಒಂದು ನೋಟಿಸ್, 'ನಾಲಾಯಕ್' ಅಂದ ಕಾಂಗ್ರೆಸ್‌ನ ಪ್ರಿಯಾಂಕ್ ಖರ್ಗೆಯವರಿಗೆ ಇನ್ನೊಂದು. "ಇಷ್ಟರಲ್ಲಿ ಆನೆ ಗದ್ದೆಗೆ ಬಂದಿದ್ದನ್ನ ಯಾರು ಮಾತಾಡಿದ್ರು?" ಎಂದು ಅಣ್ಣ ಗ್ಲಾಸು ಕೆಳಗಿಡುತ್ತಾರೆ. ಟೀ ಕುಡಿಯುವವರು ಛಾವಣಿ ನೋಡುತ್ತಾರೆ.

ಅವರ ನಿಜವಾದ ಪ್ರತಿಭೆ ಹೊರಬರುವುದು ನಾಮಪತ್ರ ಸಲ್ಲಿಕೆಯ ನಂತರ. ಅಭ್ಯರ್ಥಿಯ ಓದು, ಆಸ್ತಿ, ಸಾಲ, ಕ್ರಿಮಿನಲ್ ಕೇಸುಗಳನ್ನು ತಿಳಿಯುವುದು ಮತದಾರನ ಹಕ್ಕು ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿತು. ಹಾಗಾಗಿ ನಮೂನೆ 26ರ ಅಫಿಡವಿಟ್ ಎಲ್ಲರಿಗೂ ಸಿಗುತ್ತದೆ, ಈಗಂತೂ ಆಯೋಗದ ಆ್ಯಪ್‌ನಲ್ಲೇ. ಅಣ್ಣ ಮಗನ ಫೋನು ಕಸಿದುಕೊಂಡು ಜಗಲಿಯಲ್ಲಿ ಕೂತು ಜೋರಾಗಿ ಓದುತ್ತಾರೆ. ಕೇಸಿನ ಕಾಲಂ ಬಂದಾಗ ಗಂಡಸರು ಆಕಳಿಸುತ್ತಾರೆ. 'ಪತ್ನಿಯ ಹೆಸರಿನಲ್ಲಿರುವ ಚಿನ್ನ, ಗ್ರಾಂಗಳಲ್ಲಿ' ಬಂದ ಕೂಡಲೇ ಅಕ್ಕಪಕ್ಕದ ಹೆಂಗಸರೆಲ್ಲ ಮೊರ ಕೆಳಗಿಟ್ಟು ಹಾಜರು. "ನಂದೂ ಒಂದು ಅಫಿಡವಿಟ್ ಮಾಡ್ಸಿ. ಚಿನ್ನ ಸೊಸೈಟೀಲಿ ಅಡ ಅದೆ ಅಂತ ಬರೀರಿ" ಎಂದು ಒಳಗಿನಿಂದ ಅವರ ಮನೆಯವರ ದನಿ ಬರುತ್ತದೆ. ಆ ಕಾಲಮ್ಮನ್ನು ಅಣ್ಣ ಬೇಗ ದಾಟುತ್ತಾರೆ.

ದೌರ್ಬಲ್ಯವಿಲ್ಲದ ಮನುಷ್ಯರಲ್ಲ ಅವರು. ಎದುರು ಮನೆಯವನು ಒಪ್ಪುವ ಪಕ್ಷದ ಬಗ್ಗೆ ಚಟಪಟ ವಿಡಿಯೊ ಬಂದರೆ ರಾತ್ರಿ ಹನ್ನೊಂದಕ್ಕೆ ಕಂಬಳಿಯೊಳಗೆ ಕೂತು ಎರಡು ಸಲ ನೋಡುತ್ತಾರೆ, ಸೌಂಡ್ ಇಲ್ಲದೆ. ಬೆಳಿಗ್ಗೆ ಅದನ್ನೇ "ಇದು ಎಡಿಟ್ ಮಾಡಿದ್ದು" ಎಂದು ಮೊದಲು ಹೇಳುವವರೂ ಅವರೇ.

ಮೂರೂ ಪಕ್ಷದ ಬೂತ್ ಹುಡುಗರ ಮತದಾರರ ಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಪೆನ್ಸಿಲಿನಲ್ಲಿ 'ಡೌಟು' ಎಂದಿದೆ. ಆದ್ದರಿಂದ ಬೇರೆಯವರ ಮನೆಗೆ ಒಂದು ಸಲ ಬರುವವರು ಇವರ ಮನೆಗೆ ಮೂರು ಸಲ ಬರುತ್ತಾರೆ. ಬಂದವರು ಎದುರಾಳಿಯ ಪುರಾಣ ಬಿಚ್ಚುತ್ತಿದ್ದಂತೆ ಅಣ್ಣ ಕೈ ಎತ್ತುತ್ತಾರೆ: "ಅವ್ರ ವಿಷ್ಯ ಬುಡಿ. ನಿಮ್ಮೋರದ್ದು ಓದಿದ್ದೀರಾ?"

ಕಳೆದ ಸಲ ಹೀಗೆ ಸಿಕ್ಕಿಬಿದ್ದ ಹುಡುಗನೊಬ್ಬ ಸಂಕೋಚಕ್ಕೆ ಜಗಲಿಯಲ್ಲೇ ಕೂತು ಫೋನು ತೆರೆದ. ಸ್ಥಿರಾಸ್ತಿ, ಚರಾಸ್ತಿ, ವಾಹನಗಳು. ತನ್ನ ಅಭ್ಯರ್ಥಿಯ ಕೋಟಿಗಳನ್ನು ಬೆರಳಿಟ್ಟು ಎಣಿಸುತ್ತ ಹೋದ. ಮೂರನೆಯ ಪುಟಕ್ಕೆ ಅವನ ಮುಖ ಬದಲಾಯಿತು. ಎದ್ದವನೇ ಬೈಕಿನ ಮೂತಿಯನ್ನು ಕೋಟೆಯ ಪಕ್ಷದ ಆಫೀಸಿನ ಕಡೆ ತಿರುಗಿಸಿದ. ಪ್ರಚಾರ ಶುರುವಾದಾಗಿನಿಂದ ಅವನಿಗೆ ಪೆಟ್ರೋಲ್ ದುಡ್ಡು ಬಾಕಿ ಇತ್ತಂತೆ.