ಬಾನೆಟ್ ರಾಯರು

ರಾತ್ರಿಯೆಲ್ಲ ಮಳೆ ಹೊಯ್ದ ಮರುದಿನ ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಗೇಟಿನ ಬಳಿ ಕಾರಿನ ಬಾನೆಟ್ ಎತ್ತಿ ನೋಡಿ. 'ಟಕ್' ಅಂದ ಸದ್ದಿಗೆ ಕರೆಯದೆ ಬಂದು ನಿಲ್ಲುವವರು ಒಬ್ಬರಿರುತ್ತಾರೆ. ತಲೆಗೆ ಮಂಕಿ ಕ್ಯಾಪು, ಮೊಣಕಾಲವರೆಗೆ ಮಡಚಿದ ಪ್ಯಾಂಟು, ಕೈಯಲ್ಲಿ ಕಾಫಿ ಲೋಟ. ನಮ್ಮಲ್ಲಿ ಅವರನ್ನು ಬಾನೆಟ್ ರಾಯರು ಅನ್ನುತ್ತೇವೆ. ಬ್ಯಾಂಕಿನಿಂದ ರಿಟೈರ್ ಆದವರು. ಸ್ವಂತ ಕಾರೂ ಉಂಟು, ಮೈತುಂಬ ಕವರು ಹೊದ್ದುಕೊಂಡು ನಿಂತಿದೆ. ಅದು ಓಡಿದ್ದನ್ನು ಕಂಡವರು ಕಡಿಮೆ.

"ಏನಾಯ್ತು?" ಅಂತ ರಾಯರು ಕೇಳುವುದಿಲ್ಲ. "ಸ್ಟಾರ್ಟ್ ಮಾಡಿ ನೋಡಿದ್ರಾ?" ಅನ್ನುತ್ತಾರೆ. ನೀರಲ್ಲಿ ಮುಳುಗೆದ್ದ ಗಾಡಿಗೆ ಈ ಮಾತಿನಷ್ಟು ದುಬಾರಿಯಾದದ್ದು ಇನ್ನೊಂದಿಲ್ಲ. ಏರ್ ಫಿಲ್ಟರ್ ದಾಟಿ ಸಿಲಿಂಡರಿಗೆ ನೀರು ಹೊಕ್ಕಿದ್ದರೆ, ಗಾಳಿಯ ಹಾಗೆ ಅದು ಅದುಮಿಸಿಕೊಳ್ಳುವ ಜಾತಿಯಲ್ಲ. ಕೀ ತಿರುಗಿಸಿದ್ದೇ ತಡ, ಕನೆಕ್ಟಿಂಗ್ ರಾಡ್ ಬಗ್ಗಿ ಕೂರುತ್ತದೆ. ಆಮೇಲೆ ಇನ್ಶೂರೆನ್ಸಿನವರು ಬಂದು, "ಎಂಜಿನ್ ಪ್ರೊಟೆಕ್ಟ್ ತಗೊಂಡಿದ್ರಾ?" ಅಂತ ಕೇಳುವ ಹೊತ್ತಿಗೆ ರಾಯರು ವಾಕಿಂಗ್ ಹೋಗಿರುತ್ತಾರೆ.

2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆ ನೀರು ನುಗ್ಗಿ, ಐಟಿಯವರು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಊರೇ ನೋಡಿದೆ. ಟ್ರ್ಯಾಕ್ಟರ್ ಕರೆಸಿ ಅಂತ ಮೊದಲು ಹೇಳಿದವರು ತಾವೇ ಎಂಬುದು ರಾಯರ ವಾದ. ಆ ವರ್ಷವೆಲ್ಲ ಅವರು ವಿಜಯನಗರ ಬಿಟ್ಟು ಕದಲಿರಲಿಲ್ಲ, ಆ ಮಾತು ಬೇರೆ.

ಮೊನ್ನೆ ಸಿಕ್ಕಿದ್ದು ಸಿ ಬ್ಲಾಕಿನ ಸಾಫ್ಟ್‌ವೇರ್ ಹುಡುಗಿಯ ಕಾರು. ಅದು ನೀರಲ್ಲಿ ನಿಂತದ್ದಲ್ಲ, ಗೇಟಿನಾಚೆ ಗುಲ್‌ಮೊಹರ್ ಮರದಡಿ ನಿಂತದ್ದು. ಆದರೂ ಎಡಗಡೆ ಮ್ಯಾಟಿನ ಮೇಲೆ ಕಾಲಿಟ್ಟರೆ ಪಚಕ್ ಅನ್ನುತ್ತಿತ್ತು. ಹಾರನ್ನು ತನ್ನಷ್ಟಕ್ಕೆ ಕಿರುಚುತ್ತಿತ್ತು, ಇಳಿದ ಕಿಟಕಿ ಏರಲೊಲ್ಲದು.

"ಸನ್‌ರೂಫ್ ಲೀಕು," ಎಂದರು ರಾಯರು.

"ಇದಕ್ಕೆ ಸನ್‌ರೂಫೇ ಇಲ್ವಲ್ಲ ಅಂಕಲ್."

"ಅದೇ ಆಗಿದ್ದು ನೋಡಮ್ಮ. ಇದ್ದಿದ್ರೆ ನೀರು ಹೊರಗೆ ಹೋಗೋಕೆ ಅದರ ಮೂಲೇಲಿ ಪೈಪ್ ಇರ್ತಿತ್ತು."

ಪೈಪಿನ ಮಾತು ನಿಜ. ರಾಯರ ತೊಂದರೆಯೇ ಅದು, ಅರ್ಧ ನಿಜವಾಗಿರುತ್ತದೆ. ಉಳಿದರ್ಧ ಹೀಗೆ: "ನನ್ನ ಮೊಬೈಲು ಬಕೆಟ್ಟಿಗೆ ಬಿದ್ದಾಗ ಅಕ್ಕಿ ಡಬ್ಬೀಲಿಟ್ಟೆ, ಸರಿಹೋಯ್ತು. ಇದಕ್ಕೆ ಎರಡು ಮೂಟೆ ಸೋನಾಮಸೂರಿ ಸಾಕು. ಒಳಗೆ ಸುರಿದು ಗ್ಲಾಸ್ ಏರಿಸಿಬಿಡು."

"ಗ್ಲಾಸ್ ಏರ್ತಾ ಇಲ್ಲ ಅಂಕಲ್."

ಅಷ್ಟರಲ್ಲಿ ಗ್ಯಾರೇಜಿನ ಹುಡುಗ ಬಂದ. ಯಾರನ್ನೂ ಏನೂ ಕೇಳದೆ 10 ನಂಬರ್ ಸ್ಪ್ಯಾನರ್ ತೆಗೆದು ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿದ. ಹಾರನ್ನು ಸುಮ್ಮನಾಯಿತು, ರಾಯರು ಆಗಲಿಲ್ಲ. ವೈಪರ್ ಕೆಳಗಿನ ಕರಿ ಪ್ಲಾಸ್ಟಿಕ್ ಜಾಲರಿ ಎತ್ತಿ ಹುಡುಗ ಕೈ ತೂರಿಸಿದ. ಮುಷ್ಟಿ ತುಂಬ ಬಂದದ್ದು ಕೊಳೆತ ಗುಲ್‌ಮೊಹರ್ ಎಲೆ. ಪುಟ್ಟ ಪುಟ್ಟವು, ಕಾಫಿ ಚರಟದ ಹಾಗೆ ಮೆತ್ತಿಕೊಂಡಿದ್ದವು. ಗಾಜಿನ ಮೇಲಿನ ನೀರು ಹರಿದುಹೋಗುವ ತೂತು ಅವುಗಳಿಂದ ಕಟ್ಟಿ, ನೀರು ಎ.ಸಿ. ಬ್ಲೋವರಿನ ದಾರಿ ಹಿಡಿದು ಒಳಗಿಳಿದಿತ್ತು. ಸೀಟಿನಡಿಯ ಕನೆಕ್ಟರ್ ಬಿಚ್ಚಿ ತೋರಿಸಿದ. ಪಿನ್ನುಗಳಿಗೆ ಆಗಲೇ ಹಸಿರು ಕಿಲುಬು.

"ಕಾರ್ಪೆಟ್ ಪೂರ್ತಿ ಎತ್ತಿ ಒಣಗಿಸ್ಬೇಕು ಅಕ್ಕ. ಮೇಲೆ ಒಣಗಿದಂಗೆ ಕಾಣ್ತದೆ, ಅಡಿ ಸ್ಪಂಜು ನೀರು ಬಿಡಲ್ಲ. ಅಲ್ಲೀವರೆಗೆ ಕೀ ಹಾಕ್ಬೇಡಿ."

ರಾಯರು ಒಂದು ಎಲೆಯನ್ನು ಬೆರಳ ತುದಿಯಲ್ಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನಾನು ಆವಾಗಿಂದ ಬಡ್ಕೊಂಡೆ, ಎಲೆ ಇರಬೇಕು ಅಂತ," ಎಂದರು. ಹುಡುಗಿ ನನ್ನ ಮುಖ ನೋಡಿದಳು. ನಾನು ಮರದ ಕಡೆ ನೋಡಿದೆ.

ರಾಯರ ಫೋನು ಬಡಿದುಕೊಂಡಿತು. ಯಲಹಂಕದಿಂದ ಷಡ್ಡಕ, ಬೇಸ್‌ಮೆಂಟಿಗೆ ನೀರು ನುಗ್ಗಿದೆಯಂತೆ.

"ಸ್ಟೀರಿಂಗ್‌ವರೆಗೂ ಬಂದಿದೆಯಾ? ಏನೂ ಆಗಲ್ಲ, ಗಾಬರಿಯಾಗಬೇಡ," ಎಂದರು ರಾಯರು, ಸ್ಪೀಕರ್ ಆನ್ ಮಾಡುತ್ತ. "ವೈಪರ್ ಕೆಳಗೆ ಕೈ ಹಾಕಿ ಮೊದಲು ಎಲೆ ತೆಗಿ."