ಸರ್ಪಗೃಹನಿರ್ಣಯ: ಮೊದಲ ಹಾವು ಸಾಕುವವರಿಗಾಗಿ ಸಭಾಷ್ಯ ಸೂತ್ರಗಳು

ಹಾವಿಗೆ ಮರೆ ಬೇಕು, ಯಜಮಾನನಿಗೆ ದರ್ಶನ ಬೇಕು. ಈ ವ್ಯಾಜ್ಯಕ್ಕೆ ಗೃಹವೆಂದು ಹೆಸರು.

ಇದು ಮೊದಲನೆಯ ಸೂತ್ರ. ಇಲ್ಲಿ ಹಾವನ್ನು ಮೊದಲು, ಯಜಮಾನನನ್ನು ಆಮೇಲೆ ಹೇಳಿರುವುದೇಕೆ? ಅಕಾರಾದಿ ಕ್ರಮದಿಂದ ಎನ್ನುವಂತಿಲ್ಲ. ವರ್ಣಮಾಲೆಯಲ್ಲಿ ಯಕಾರವೇ ಮುಂಚೆ ಬರುತ್ತದೆ. ಬಾಡಿಗೆ ಕಟ್ಟುವವರಿಗೆ ಪ್ರಾಶಸ್ತ್ಯ ಎನ್ನುವಂತೆಯೂ ಇಲ್ಲ. ಹಾವು ಬಾಡಿಗೆ ಕಟ್ಟಿದ ದಾಖಲೆಯಿಲ್ಲ. ಮರೆ ಸಿಗದಿದ್ದರೆ ಹಾವು ಆಹಾರ ಬಿಡುತ್ತದೆ, ದರ್ಶನ ಸಿಗದಿದ್ದರೆ ಯಜಮಾನ ಊಟ ಬಿಡುವುದಿಲ್ಲ. ಆದ್ದರಿಂದ ಹಾವಿನ ಅಗತ್ಯವೇ ಬಲವತ್ತರವೆಂದು ತಿಳಿಯತಕ್ಕದ್ದು.

ಇನ್ನು ಈ ಶಾಸ್ತ್ರಕ್ಕೆ ಅಧಿಕಾರಿ ಯಾರು? ಕರ್ನಾಟಕದಲ್ಲಿ ಕುಳಿತವನು ಇದನ್ನು ಓದಬಹುದು, ಆಚರಿಸುವಂತಿಲ್ಲ. ನಾಗರ, ಕೇರೆ, ಹೆಬ್ಬಾವುಗಳನ್ನು ಹಿಡಿದು ಮನೆಯಲ್ಲಿಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಹೊರದೇಶದ ಹಾವುಗಳಲ್ಲೂ ಹಲವಕ್ಕೆ 2022ರ ತಿದ್ದುಪಡಿಯ ನಂತರ ನೋಂದಣಿಯ ಕಡತ ಬೆನ್ನು ಹತ್ತುತ್ತದೆ. ಆದಕಾರಣ ಅಧಿಕಾರಿಯನ್ನು ಅಮೆರಿಕದ ಉತ್ತರ ಕೆರೊಲಿನಾದ ಕ್ಯಾರಿ ಪಟ್ಟಣದಲ್ಲಿ ಸಾಫ್ಟ್‌ವೇರ್ ವೃತ್ತಿಯವನಾಗಿ, ಹತ್ತು ವರ್ಷದ ಮಗಳ ಹಟಕ್ಕೆ ಸೋತವನಾಗಿ ಕಲ್ಪಿಸಲಾಗಿದೆ. ಹಾವು ಅಲ್ಲಿಯದೇ ಕಾರ್ನ್ ಸ್ನೇಕ್, ಸಾಕಣೆಯಲ್ಲೇ ಮೊಟ್ಟೆಯೊಡೆದ ಮರಿ. ಲಿನೇಯಸ್ 1766ರಲ್ಲಿ ಹೆಸರಿಟ್ಟ ಜಾತಿ. ವಿಷವಿಲ್ಲ. ಕೇಸರಿ ಮೈಮೇಲೆ ಕಪ್ಪಂಚಿನ ಕೆಂಪು ಮಚ್ಚೆಗಳು. ಬೆಳೆದರೆ ಮೂರರಿಂದ ಐದು ಅಡಿ. ಆಯುಸ್ಸು 15ರಿಂದ 20 ವರ್ಷ. ಅಂದರೆ ಹಟ ಮಾಡಿದ ಮಗಳು ಕಾಲೇಜು ಮುಗಿಸಿ ಬೇರೆ ಊರು ಸೇರಿದ ಮೇಲೂ ಹಾವು ಅಪ್ಪನ ಪಾಲಿಗೇ ಉಳಿಯುತ್ತದೆ.

ದೇಶಭೇದದಿಂದ ಧರ್ಮಭೇದ. ಹವಾಯಿಯಲ್ಲಿ ಯಾವ ಹಾವನ್ನೂ ಸಾಕುವಂತಿಲ್ಲ. ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಸೆರೆ, 2,00,000 ಡಾಲರ್‌ವರೆಗೆ ದಂಡ. ಜಾರ್ಜಿಯಾದಲ್ಲಿ ಕಾರ್ನ್ ಸ್ನೇಕ್ ನೆಲದ ಮಗ, ಆದ್ದರಿಂದಲೇ ಮನೆಯೊಳಗೆ ನಿಷಿದ್ಧ. ಆಫ್ರಿಕಾ ಮೂಲದ ಬಾಲ್ ಪೈಥಾನ್‌ಗೆ ಮಾತ್ರ ಅಡ್ಡಿಯಿಲ್ಲ. ಸ್ಥಳೀಯರಿಗಿಲ್ಲದ ಮನೆ ವಲಸಿಗರಿಗೆ ಸಿಗುವ ಈ ವಿಚಿತ್ರವನ್ನು ಬೆಂಗಳೂರಿನ ಓದುಗರಿಗೆ ವಿವರಿಸಬೇಕಾಗಿಲ್ಲ.

ಹಾವಿಗೆ ಗಾಜಿನ ಮನೆ ಕಟ್ಟುವ ಪರಂಪರೆ ತೀರ ಪ್ರಾಚೀನವಲ್ಲ. ಲಂಡನ್ ಮೃಗಾಲಯದಲ್ಲಿ ಸರೀಸೃಪಗಳಿಗೆಂದೇ ಮನೆ ತೆರೆದದ್ದು 1849ರಲ್ಲಿ. ಜಗತ್ತಿನಲ್ಲಿ ಅದೇ ಮೊದಲನೆಯದು. ಮೂರು ವರ್ಷ ಕಳೆಯುವಷ್ಟರಲ್ಲಿ ಅಲ್ಲಿನ ಪಾಲಕನೊಬ್ಬ ರಾತ್ರಿ ಕುಡಿದದ್ದರ ಅಮಲಿನಲ್ಲೇ ಕೆಲಸಕ್ಕೆ ಬಂದು, ನಾಗರಹಾವನ್ನು ಹೊರತೆಗೆದು ಸರಸವಾಡಿ, ಕಚ್ಚಿಸಿಕೊಂಡು ಸತ್ತ. ಗಾಜಿನ ಯಾವ ಬದಿಯಲ್ಲಿರುವ ಪ್ರಾಣಿಯನ್ನು ಕೂಡಿಹಾಕಬೇಕು ಎಂಬ ಪ್ರಶ್ನೆ ಅಂದಿನಿಂದ ವಿದ್ವತ್ಸಭೆಗಳಲ್ಲಿ ಇತ್ಯರ್ಥವಾಗದೆ ಉಳಿದಿದೆ.

ಒಂದು ತುದಿ ಮಂಗಳೂರು, ಒಂದು ತುದಿ ಬೆಂಗಳೂರು, ನಡುವೆ ನಾಲ್ಕು ಅಡಿ.

ಎರಡನೆಯ ಸೂತ್ರ. ಬೆಳೆದ ಹಾವಿನ ಗೂಡು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರ ಇರಬೇಕೆಂಬುದು ಇದರಿಂದ ಸಿದ್ಧ. ಹಾವಿಗೆ ತನ್ನ ಮೈಯನ್ನು ಒಳಗಿನಿಂದ ಕಾಯಿಸಿಕೊಳ್ಳುವ ಶಕ್ತಿಯಿಲ್ಲ. ಉಂಡದ್ದು ಅರಗಬೇಕಾದರೆ ಕಾವಿನ ಕಡೆ ಹೋಗಬೇಕು, ಸಾಕೆನಿಸಿದಾಗ ತಂಪಿನ ಕಡೆ ಬರಬೇಕು. ಆದ್ದರಿಂದ ಮಂಗಳೂರು ತುದಿ 29ರಿಂದ 31 ಡಿಗ್ರಿ ಸೆಲ್ಸಿಯಸ್, ಬೆಂಗಳೂರು ತುದಿ 22ರಿಂದ 25. ಹಾವು ದಿನಕ್ಕೆ ಹಲವು ಸಲ ಘಾಟಿ ಹತ್ತಿಳಿಯುತ್ತದೆ. ಮಳೆಗಾಲದಲ್ಲೂ ಸಂಚಾರ ಬಂದ್ ಆಗುವುದಿಲ್ಲ. ಇಡೀ ಗೂಡನ್ನು ಒಂದೇ ಸಮನಾಗಿ ಬಿಸಿಯಿಟ್ಟರೆ ಏನು ಕೆಡುತ್ತದೆ ಎಂದು ಕೇಳುವವನನ್ನು ಮೇ ತಿಂಗಳಲ್ಲಿ ಕಲಬುರಗಿಗೆ ಕಳಿಸತಕ್ಕದ್ದು.

ಕಾವು ಕೊಡುವುದು ಹೇಗೆ? ಗಾಜಿನ ತೊಟ್ಟಿಯ ಹೊರತಳಕ್ಕೆ, ಮೂರನೆಯ ಒಂದು ಭಾಗಕ್ಕಷ್ಟೇ, ಹೀಟ್ ಮ್ಯಾಟ್ ಅಂಟಿಸುವುದು ಒಂದು ಮತ. ಮೇಲಿನಿಂದ ಬಲ್ಬು ಇಳಿಬಿಟ್ಟು ಸೂರ್ಯನನ್ನು ಅನುಕರಿಸುವುದು ಇನ್ನೊಂದು. ಇಬ್ಬರೂ ಒಪ್ಪುವ ಒಂದೇ ದೇವತೆ ಥರ್ಮೋಸ್ಟಾಟ್. ಅದಿಲ್ಲದ ಮ್ಯಾಟು ಕಾವಿನ ಮಿತಿ ಅರಿಯದು. ಅಂಗಡಿಯವರು ಮಾರುವ ಬಿಸಿಕಲ್ಲನ್ನಂತೂ ಸರ್ವಥಾ ತರಬಾರದು. ಹೊಟ್ಟೆ ಸುಡುತ್ತಿದ್ದರೂ ಹಾವು ಅದರ ಮೇಲಿಂದ ಏಳದೆ ಬಿದ್ದಿರಬಹುದು. ಈ ಒಂದು ಲಕ್ಷಣದಲ್ಲಿ ಹಾವಿಗೂ ಸರ್ಕಾರಿ ಕುರ್ಚಿಗೂ ಸಂಬಂಧ ಕಲ್ಪಿಸುವವರಿದ್ದಾರೆ. ಪ್ರಕೃತ ಭಾಷ್ಯಕಾರನಿಗೆ ಪಿಂಚಣಿ ಬರುತ್ತಿರುವುದರಿಂದ ಚರ್ಚೆ ಬೆಳೆಸುವುದಿಲ್ಲ.

ನೆಲದ ಹಾಸಿನ ವಿಷಯದಲ್ಲಿ ಸುರುಳಿವಾದಿಗಳೂ ನಾರುವಾದಿಗಳೂ ಬಹುಕಾಲದಿಂದ ಕಾದಾಡುತ್ತಿದ್ದಾರೆ. ಬಡಗಿಯ ಕೀಸುಳಿಯಿಂದ ಉದುರಿದಂತಿರುವ ಆಸ್ಪೆನ್ ಮರದ ಸುರುಳಿಚೂರೇ ಶ್ರೇಷ್ಠ, ಹಾವು ಕೊರೆದ ಬಿಲ ಅದರಲ್ಲಿ ಕುಸಿಯದೆ ನಿಲ್ಲುತ್ತದೆ ಎನ್ನುವವರು ಮೊದಲನೆಯವರು. ಅದು ಒದ್ದೆಯಾದರೆ ಬೂಷ್ಟು ಹಿಡಿಯುತ್ತದೆ, ತೇವ ಹಿಡಿದಿಡುವ ತೆಂಗಿನ ನಾರುಪುಡಿಯೇ ಮೇಲು ಎನ್ನುವವರು ಎರಡನೆಯವರು. ಭಾರತ, ಶ್ರೀಲಂಕಾಗಳಿಂದ ಹಡಗು ಹತ್ತಿ ಹೋಗುವ ಆ ಪುಡಿಯ ಇಟ್ಟಿಗೆಯನ್ನು ಬಕೆಟ್ ನೀರಿಗೆ ಹಾಕಿದರೆ ಉಬ್ಬುತ್ತದೆ. ಊರಲ್ಲಿ ತೋಟದ ಮೂಲೆಗೆ ಸುರಿದದ್ದನ್ನು ಇಲ್ಲಿ ಡಾಲರ್ ಎಣಿಸಿ ತರುವುದು ಕಂಡು ಪೂರ್ವಪಕ್ಷಿಯ ಬಿ.ಪಿ.ಯೂ ಉಬ್ಬುತ್ತದೆ. ದೇವದಾರು ಜಾತಿಯ ಚೂರು ಎರಡೂ ಮತಗಳಲ್ಲಿ ವರ್ಜ್ಯ. ಅದರ ಸುಗಂಧತೈಲ ಹಾವಿನ ಉಸಿರಾಟಕ್ಕೆ ಕೆಡುಕು.

ಪೂರ್ವಪಕ್ಷಿ ಯಾರೆಂದು ಹೇಳಲಿಲ್ಲ. ಆರು ತಿಂಗಳಿಗೆಂದು ಕಾರ್ಕಳದಿಂದ ಬಂದಿಳಿದಿರುವ ಅಧಿಕಾರಿಯ ತಾಯಿ.

ಇವರ ಮೊದಲ ಆಕ್ಷೇಪ ಗೃಹದ ಅಸ್ತಿತ್ವಕ್ಕೇ ಸಂಬಂಧಿಸಿದ್ದು. "ನಮ್ಮ ನಾಗಬನದಲ್ಲಿ ಗಾಜು ಉಂಟಾ, ಲೈಟು ಉಂಟಾ? ಪಂಚಮಿಗೆ ಹೋಗಿ ತನು ಹಾಕಿ ಬರುದು. ಮತ್ತೆ ಆಚೆ ತಲೆ ಹಾಕುದಿಲ್ಲ. ನೀನು ಎಂತ ಮಾರಾಯ, ದಿನಾ ಎದುರು ಕೂತು ನೋಡುದು?" ಅಧಿಕಾರಿಯ ಉತ್ತರ: ಇದಕ್ಕೆ ಹೆಡೆಯಿಲ್ಲ, ಆದ್ದರಿಂದ ಇದು ನಾಗನಲ್ಲ, ನಾಗನಲ್ಲದ್ದರಿಂದ ದೋಷವಿಲ್ಲ, ಕುಕ್ಕೆಗೆ ಹರಕೆಯೂ ಬೇಡ. ತರ್ಕ ಚೆನ್ನಾಗಿದೆ. ಕಾರ್ನ್ ಸ್ನೇಕ್ ನಮ್ಮ ಕೇರೆಯ ಕುಟುಂಬದ್ದು, ನಾಗರದ್ದಲ್ಲ. ಆದರೆ ಪೂರ್ವಪಕ್ಷಿ ಕೇಳಿದ್ದು ಹೆಡೆಯ ವಿಚಾರವನ್ನಲ್ಲ, ನೋಡುವ ವಿಚಾರವನ್ನು. ಪೊದೆ, ಬಳ್ಳಿ, ತರಗೆಲೆ, ಕತ್ತಲೆ, ಮೇಲಾಗಿ ಮನುಷ್ಯರ ಗೈರುಹಾಜರಿ: ನಾಗಬನದಲ್ಲಿರುವ ಈ ಸಾಮಗ್ರಿಗಳಲ್ಲಿ ಮೊದಲ ನಾಲ್ಕನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿ ಮಾರುತ್ತಾರೆ. ಐದನೆಯದು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಾಗಿ ಮರೆಗಳು ಕನಿಷ್ಠ ಎರಡು, ಬಿಸಿ ತುದಿಗೊಂದು, ತಂಪು ತುದಿಗೊಂದು. ಒಂದೇ ಇಟ್ಟರೆ ಹಾವು ಸುರಕ್ಷತೆಗೂ ಸುಖಕ್ಕೂ ನಡುವೆ ಆಯ್ಕೆ ಮಾಡಬೇಕಾಗುತ್ತದೆ. ಮರೆ ವಿಶಾಲವಾಗಿರಬಾರದು, ಸುರುಳಿ ಸುತ್ತಿದಾಗ ಮೈ ಎಲ್ಲ ಕಡೆ ತಾಗಬೇಕು, ಆಗಲೇ ಅದಕ್ಕೆ ಧೈರ್ಯ. ಪೊರೆ ಬಿಡುವ ಮುನ್ನ ಕಣ್ಣು ಮಂಜಾಗಿ ನೀಲಿಗೆ ತಿರುಗಿದಾಗ ಒದ್ದೆ ಪಾಚಿ ತುಂಬಿದ ಮೂರನೆಯ ಮರೆಯೊಂದಿರಲಿ; ತೇವ ಸಾಲದಿದ್ದರೆ ಪೊರೆ ಚೂರುಚೂರಾಗಿ ಬಂದು ಕಣ್ಣಿನ ಮೇಲಿನದು ಅಲ್ಲೇ ಅಂಟಿಕೊಳ್ಳುತ್ತದೆ. ದೊಡ್ಡ ಗೂಡಿನಲ್ಲಿ ಮರಿ ಬೆದರುತ್ತದೆಂದು ಕೆಲವರು ವಾದಿಸುವುದುಂಟು. ಅದು ಬೆದರುವುದು ಜಾಗಕ್ಕಲ್ಲ, ಬಯಲಿಗೆ. ತಂದ ಮೊದಲ ವಾರ ಮುಟ್ಟಬಾರದೆಂಬ ವಿಧಿ ಮಗಳಿಗೆ ಹೇಳಿದ್ದು. ಅದನ್ನು ಮುರಿಯುವವನು ಅಪ್ಪ.

ಇಲಿ ತಣ್ಣಗಿರಲಿ, ತಾಯಿಗೆ ತಿಳಿಯದಿರಲಿ.

ನಾಲ್ಕನೆಯ ಸೂತ್ರವಾದ ಇದು ಗಾತ್ರದಲ್ಲಿ ಕಿರಿದು, ಪರಿಣಾಮದಲ್ಲಿ ಘೋರ. ಗೃಹವೆಂದರೆ ಗಾಜಿನ ತೊಟ್ಟಿ ಮಾತ್ರವೆಂದು ಎಣಿಸಿದವರು ಫ್ರೀಜರನ್ನು ಮರೆತಿರುತ್ತಾರೆ. ಮರಿಹಾವಿಗೆ ಐದರಿಂದ ಏಳು ದಿನಕ್ಕೊಮ್ಮೆ, ಬೆಳೆದದ್ದಕ್ಕೆ ಹತ್ತರಿಂದ ಹದಿನಾಲ್ಕು ದಿನಕ್ಕೊಮ್ಮೆ, ಹೆಪ್ಪುಗಟ್ಟಿಸಿದ ಇಲಿ. ಅದರ ದಪ್ಪ ಹಾವಿನ ನಡುವಿನ ದಪ್ಪವನ್ನು ಹೆಚ್ಚು ಮೀರಬಾರದು. ಜೀವಂತ ಇಲಿ ಬೇಡ, ತಿರುಗಿ ಕಚ್ಚುತ್ತದೆ. ಈರುಳ್ಳಿ ತಿನ್ನಲೂ ವಾರ ನೋಡುವ ಮನೆಯಲ್ಲಿ ಈ ಇಲಿಗಳು ತೆಂಗಿನತುರಿಯ ಪೊಟ್ಟಣಕ್ಕೂ ಹಿತಕಿದ ಅವರೆಗೂ ನಡುವೆ ಎಲ್ಲಿ ಮಲಗಬೇಕು? ಇದಕ್ಕೆ ತ್ರಿವೇಷ್ಟನ ನ್ಯಾಯ: ಚೀಲದೊಳಗೆ ಚೀಲ, ಅದು ಡಬ್ಬಿಯೊಳಗೆ. ಡಬ್ಬಿಯ ಮೇಲೆ ಏನು ಬರೆಯಬೇಕೆಂಬಲ್ಲಿ ಮತಭೇದವಿದೆ. 'ಔಷಧಿ' ಎಂದು ಬರೆದ ಒಂದು ಮನೆಯಲ್ಲಿ ಅತ್ತೆ ಮೊಣಕಾಲು ನೋವಿಗೆ ಆಗಬಹುದೆಂದು ತೆರೆದರೆಂಬ ಐತಿಹ್ಯವಿದೆ. ನಿರಪಾಯ ಮಾರ್ಗವೆಂದರೆ ಗ್ಯಾರೇಜಿನಲ್ಲಿ ಬೇರೆಯೇ ಒಂದು ಚಿಕ್ಕ ಫ್ರೀಜರು. ಇಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಬೇಕು. ಮೈಕ್ರೋವೇವ್ ನಿಷಿದ್ಧ: ಅದರಲ್ಲಿ ಇಲಿಯ ಒಂದು ಪಕ್ಕ ಬೇಯುತ್ತದೆ, ಒಂದು ಪಕ್ಕ ಕಲ್ಲಾಗಿಯೇ ಇರುತ್ತದೆ, ಮತ್ತು ಅದೇ ಮೈಕ್ರೋವೇವಿನಲ್ಲಿ ನಿನ್ನೆಯ ಸಾರು ಬಿಸಿಯಾಗಬೇಕಿದೆ. ಹಾವನ್ನು ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯಬೇಕು, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಂಟೀತು. ಮಡಿಯೂ ವೈದ್ಯವೂ ಒಂದೇ ಮಾತಾಡುವ ಅಪೂರ್ವ ಸ್ಥಳವಿದು. ಇನ್ನು ಹಾಲು: ಹಾವು ಮೊಲೆಯುಣ್ಣುವ ಪ್ರಾಣಿಯಲ್ಲ, ಹಾಲು ಅದಕ್ಕೆ ಅರಗುವುದಿಲ್ಲ. ಬಟ್ಟಲಲ್ಲಿ ನೀರಿರಲಿ, ಹಾವು ಇಳಿದು ಮಲಗುವಷ್ಟು ಅಗಲದ ಬಟ್ಟಲಿರಲಿ.

ಮೂರನೆಯ ಸೂತ್ರ ಬಿಟ್ಟುಹೋಯಿತೆಂದು ಎಚ್ಚರದ ಓದುಗರು ಕೇಳಿಯಾರು. ಅದು ಲುಪ್ತವಾಗಿದೆ. ಮುಚ್ಚಳವನ್ನು ಕುರಿತದ್ದಾಗಿತ್ತೆಂದು ಊಹೆ. ಮೂಲಪ್ರತಿಯಲ್ಲಿ ಅದಿರಬೇಕಾದಲ್ಲಿ ಒಂದು ಸಂದಿ ಮಾತ್ರ ಇದೆ. ಪೆನ್ಸಿಲ್ ಗಾತ್ರದ ಮರಿಗೆ ಆ ಸಂದಿ ಸಾಕು, ತಲೆ ತೂರಿತೆಂದರೆ ಮೈಯೂ ತೂರಿದಂತೆ. ಬೆಳೆದ ಹಾವು ಸಂದಿ ಹುಡುಕುವುದಿಲ್ಲ, ಮೂತಿಯಿಂದ ಎತ್ತಿ ಸಂದಿ ಮಾಡಿಕೊಳ್ಳುತ್ತದೆ. ಮುಚ್ಚಳದ ಮೇಲೆ ವಿಶ್ವಕೋಶದ ಸಂಪುಟಗಳನ್ನು ಪೇರಿಸಿದ ಪಂಡಿತರಿದ್ದಾರೆ. ಕೊಂಡಿ ಹಾಕುವುದು ಅವರಿಗೆ ಹೊಳೆಯಲಿಲ್ಲ.

ಸೂತ್ರದ ಜತೆ ಹಾವೂ ಲುಪ್ತವಾದರೆ ಬಾಗಿಲುಗಳನ್ನು ಮುಚ್ಚಿ, ರಾತ್ರಿ ನೆಲದ ಮೇಲೆ ಮೈದಾಹಿಟ್ಟು ತೆಳ್ಳಗೆ ಉದುರಿಸಿ, ಬೆಳಿಗ್ಗೆ ಜಾಡು ನೋಡುವುದು ಸಂಪ್ರದಾಯ. ಪ್ರಸ್ತುತ ಪ್ರಕರಣದಲ್ಲಿ ಜಾಡು ಹಾಲ್ ದಾಟಿ, ಅಡುಗೆಮನೆ ಹೊಕ್ಕು, ಫ್ರಿಜ್ಜಿನ ಹಿಂದೆ ಮುಗಿದಿತ್ತು. ಕತ್ತಲೆ, ಇಕ್ಕಟ್ಟು, ಮೋಟಾರಿನ ಹದವಾದ ಕಾವು, ಪಕ್ಕದಲ್ಲಿ ಟೈಲ್ಸಿನ ತಂಪು. ಅಧಿಕಾರಿ ಟಾರ್ಚು ಹಿಡಿದು ಬಗ್ಗಿ, ನಾಲ್ಕು ನೂರು ಡಾಲರಿನ ಗೂಡು ಬಿಟ್ಟು ಇಲ್ಲಿಗೇಕೆ ಬಂತೆಂದು ಬೆರಗಾಗುತ್ತಿರಲು, ಬೆನ್ನ ಹಿಂದೆ ನಿಂತ ಪೂರ್ವಪಕ್ಷಿ ನುಡಿದರು: "ಅಲ್ಲಿ ಬೆಚ್ಚಗೆ ಇರ್ತದೆ ಮಾರಾಯ. ಇಡ್ಲಿ ಹಿಟ್ಟು ಉಬ್ಬಲಿಕ್ಕೆ ನಾನೂ ಅಲ್ಲಿಯೇ ಇಡುದು."

ಈ ವಾಕ್ಯಕ್ಕೆ ಸುರುಳಿವಾದಿಗಳಿಂದಾಗಲಿ ನಾರುವಾದಿಗಳಿಂದಾಗಲಿ ಇನ್ನೂ ಖಂಡನೆ ಬಂದಿಲ್ಲ.